ಕೂಗಿ ಕೊಟ್ಟ ಸೀರೆ

ಪರದೆಯ ಮೇಲೆ ಬರೆದ ಅರಮನೆಗೆ ಐದು ಕಿಟಕಿಗಳಿದ್ದವು, ಐದೂ ನೀಲಿ. ಆದರೆ ಬಲಗಡೆಯ ಕೊನೆಯ ಕಿಟಕಿಯಲ್ಲಿ ಪರದೆಯ ದಪ್ಪ ಬಟ್ಟೆ ಇರಲಿಲ್ಲ. ಅದನ್ನು ಚೌಕವಾಗಿ ಕತ್ತರಿಸಿ ತೆಗೆದು, ಆ ಜಾಗಕ್ಕೆ ಮಲಮಲ್ ತುಂಡೊಂದನ್ನು ಸಣ್ಣ ಹೊಲಿಗೆಯಲ್ಲಿ ಕೂಡಿಸಿ, ಮೇಲೆ ತೆಳ್ಳಗೆ ನೀಲಿ ಸವರಿದ್ದರು. ಮುಂದಿನಿಂದ ಗ್ಯಾಸ್ ಬತ್ತಿಯ ಬೆಳಕು ಬಿದ್ದಾಗ ಐದೂ ಒಂದೇ ಥರ ಕಾಣುತ್ತಿದ್ದವು. ಐದನೆಯದು ಆಗಾಗ ತುಸು ಉಬ್ಬಿ ಒಳಕ್ಕೆ ಇಳಿಯುವುದು ಗೊತ್ತಿದ್ದವರಿಗೆ ಮಾತ್ರ ತಿಳಿಯುತ್ತಿತ್ತು.

ಅದರ ಹಿಂದೆ ನನ್ನ ಗೆಳತಿ ನಿಂತು ಹಾಡುತ್ತಿದ್ದಳು.

ಸುರಪುರದಲ್ಲಿ ಆಗ ವರ್ಷಕ್ಕೊಂದು ಸಂಗೀತ ನಾಟಕ ಆಗುತ್ತಿತ್ತು. ಊರವರೇ ಕಟ್ಟಿಕೊಂಡ ಮಂಡಳಿ. ಹಗಲೆಲ್ಲ ಅಂಗಡಿ, ಕಚೇರಿ, ಹೊಲ ಎಂದು ಓಡಾಡಿದವರು ಸಂಜೆ ಮುಖಕ್ಕೆ ಬಣ್ಣ ಹಚ್ಚುತ್ತಿದ್ದರು. ಹತ್ತಿಯ ಮಾರಾಟ ಮುಗಿದು ಅಡತಿ ಅಂಗಡಿಯ ಹಿಂದಿನ ಬಯಲು ಖಾಲಿಯಾದ ಮೇಲೆ ಅಲ್ಲಿಯೇ ರಂಗ ಏಳುತ್ತಿತ್ತು. ನಿಜಾಮರ ಸರಕಾರ. ನಾಟಕವಾಡಲು ಪೊಲೀಸ್ ಅಮೀನರ ಪರವಾನಗಿ ಬೇಕು. ಅದಕ್ಕೆ ನಾಟಕದ ಮಾತು, ಹಾಡು ಎಲ್ಲವನ್ನೂ ಉರ್ದುವಿನಲ್ಲಿ ಬರೆದು ಕೊಡಬೇಕು. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ತಂದೆಯ ಮನೆಗೆ ಮರಳಿದ ವರ್ಷ ಅದು. ತಂದೆ ವಕೀಲರು. ಮಂಡಳಿಯ ಯಜಮಾನರಿಗೆ ಪೇಟೆಯಲ್ಲಿ ದೊಡ್ಡ ಜವಳಿ ಅಂಗಡಿ. ಅವರು ಒಂದು ದಿನ ನಮ್ಮ ಮನೆಗೆ ಬಂದು, "ತಂಗಿ, ನೀ ಕಲತದ್ದು ಊರಿಗೂ ಸ್ವಲ್ಪ ಕೆಲಸಕ್ಕ ಬರಲಿ" ಎಂದು ನಾಟಕದ ಪ್ರತಿ ಇಟ್ಟು ಹೋದರು. ನಾನು ಉರ್ದುವಿಗೆ ಮಾಡಿಕೊಟ್ಟೆ. ಆ ನೆಪದಲ್ಲಿ ಮಂಡಳಿಯ ಒಳಗಿನ ಮಾತುಗಳು ನನ್ನ ಕಿವಿಗೂ ಬಿದ್ದವು.

ರಾಜ್ಯ ಕಳೆದುಕೊಂಡು ಕಾಡು ಸೇರಿದ ರಾಜ, ಅರಮನೆಯಲ್ಲಿ ಅವನಿಗಾಗಿ ಕಾಯುವ ರಾಣಿ: ನಾಟಕದ ಕಥೆ ಇಷ್ಟೇ. ಪ್ರತಿ ವರ್ಷ ರಾಣಿಯಾಗುತ್ತಿದ್ದವನು ಪೇಟೆಯಲ್ಲಿ ಬಟ್ಟೆ ಹೊಲಿಯುವ ಸಿಂಪಿಗ. ಅವನಂತೆ ಸೀರೆಯುಟ್ಟು ನಡೆಯಲು ಊರಿನ ಹೆಂಗಸರಿಗೂ ಬರುತ್ತಿರಲಿಲ್ಲ. ಆದರೆ ಬೀಡಿ ಸೇದಿ ಸೇದಿ ಅವನ ಕಂಠ ಹಾಳಾಗಿತ್ತು. ಹಿಂದಿನ ವರ್ಷ ಏರುಸ್ವರಕ್ಕೆ ಹೋಗಿ ಕೆಮ್ಮಿದಾಗ ಜನ ಬಿದ್ದು ಬಿದ್ದು ನಕ್ಕಿದ್ದರು. ಈ ವರ್ಷ ಅವನು ತುಟಿ ಆಡಿಸುವುದು, ಪರದೆಯ ಹಿಂದಿನಿಂದ ಬೇರೆಯವರು ಹಾಡುವುದು ಎಂದು ಗೊತ್ತುಮಾಡಿದರು. ಸಿಂಪಿಗನ ಮಗಳು ಹೋಗುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನ ಗೆಳತಿ ಕಲಿಸುತ್ತಿದ್ದಳು; ಊರಿಗೆಲ್ಲ ಅವಳು ಬಾಯಾರು. ಬೆಳಗಿನ ಪ್ರಾರ್ಥನೆಯಲ್ಲಿ ಅವಳ ದನಿಯನ್ನು ಅವನು ಗೋಡೆಯ ಆಚೆಯಿಂದ ಕೇಳಿದ್ದ.

ಗೆಳತಿಯ ವಿಷಯ ಹೇಳಬೇಕು. ಅವಳ ಗಂಡ ಸೊಲ್ಲಾಪುರದ ಗಿರಣಿಗೆ ಹೋದವನು ಅವಳನ್ನು ಕರೆಸಿಕೊಳ್ಳಲೇ ಇಲ್ಲ. ಅವಳಿದ್ದದ್ದು ಅಣ್ಣನ ಮನೆಯಲ್ಲಿ. ಅಣ್ಣ ತಹಶೀಲ ಕಚೇರಿಯಲ್ಲಿ ಪೇಶಕಾರ, ಸಾಹೇಬರ ಮುಂದೆ ಮಿಸಲಿನ ಕಾಗದ ಓದುವ ಕೆಲಸ. ಎಷ್ಟೋ ದಿನ ಕೇಳಿಕೊಂಡ ಮೇಲೆ ಅವಳನ್ನು ಶಾಲೆಗೆ ಕಳಿಸಲು ಒಪ್ಪಿದ್ದ. ಒಪ್ಪುವಾಗ ಹೇಳಿದ್ದು ಒಂದೇ ಮಾತು: "ನಿನ್ನ ಹೆಸರು ಪ್ಯಾಟ್ಯಾಗ ಬರಬಾರದು. ಬಂದ ದಿನ ಶಾಲಿ ಬಂದ್."

ಆ ಶಾಲೆ ಅವಳಿಗೆ ಏನಾಗಿತ್ತೆಂದು ನಾನು ಬಲ್ಲೆ. ದಿನದಲ್ಲಿ ಅವಳು ಯಾರನ್ನೂ ಕೇಳದೆ ಮಾತಾಡುತ್ತಿದ್ದ ಜಾಗ ಅದೊಂದೇ. ಮನೆಯಲ್ಲಿ ಹಾಡುವುದಂತೂ ಇರಲೇ ಇಲ್ಲ. ಅವಳ ಹಾಡನ್ನು ಅವಳ ಅಣ್ಣ ಒಮ್ಮೆಯೂ ಕೇಳಿರಲಿಲ್ಲ. ಹಾಗಿದ್ದೂ ನಾಟಕಕ್ಕೆ ಯಾಕೆ ಒಪ್ಪಿದಳು ಎಂದು ಆಮೇಲೆ ಬಹಳ ಜನ ಕೇಳಿದರು. ಅವಳಿಗೆ ಹಾಡಬೇಕಿತ್ತು. ಇದಕ್ಕಿಂತ ದೊಡ್ಡ ಕಾರಣ ಯಾಕೆ ಬೇಕೋ ನನಗೆ ತಿಳಿಯದು.

ಒಪ್ಪುವ ಮುಂಚೆ ಅವಳು ಹಾಕಿದ ಷರತ್ತು ನನ್ನ ಎದುರಿಗೇ ಆಯಿತು. ಸಿಂಪಿಗನ ಮನೆಯ ಪಡಸಾಲೆಯಲ್ಲಿ ಕಾಲಿನಿಂದ ಒತ್ತುವ ಹಾರ್ಮೋನಿಯಂ, ಕಾಲಪೇಟಿ, ಇಟ್ಟು ತಾಲೀಮು ನಡೆಸುತ್ತಿದ್ದರು. ಜವಳಿ ಅಂಗಡಿಯ ಯಜಮಾನರು ಆ ಪೇಟಿಯ ಮೇಲೆ ಕೈಯಿಟ್ಟು ಹೇಳಿದರು: "ಸರಸ್ವತಿ ಆಣಿ, ನಿಮ್ಮ ಹೆಸರು ನನ್ನ ಬಾಯಿಂದ ಹೊರಗ ಬರೂದಿಲ್ಲ, ಬಾಯಾರ. ನೀವು ನನ್ನ ಮಗಳಿದ್ದಂಗ."

ಸಿಂಪಿಗ, ಅವನ ಹೆಂಡತಿ, ಪೇಟಿ ಮಾಸ್ತರ, ಯಜಮಾನರು, ನಾನು: ಗೊತ್ತಿದ್ದದ್ದು ನಮಗಷ್ಟೇ.

ನಾಟಕದ ದಿನ ಅವಳು ಮನೆಯಲ್ಲಿ ವಕೀಲರ ಮಗಳ ಜೊತೆ ಕೂತು ನೋಡುತ್ತೇನೆಂದು ಹೇಳಿ ಬಂದಳು. ನಮ್ಮಿಬ್ಬರ ಇನ್ನೊಬ್ಬ ಗೆಳತಿ ಶಹಾಪುರದಿಂದ ಮೋಟಾರಿನಲ್ಲಿ ಬಂದಿದ್ದಳು, ಮದುವೆಯಾಗಿ ಅಲ್ಲಿಗೆ ಹೋದವಳು. ಹೆಂಗಸರಿಗೆ ಎಡಗಡೆ ಬಿದಿರಿನ ತಟ್ಟಿ ಕಟ್ಟಿದ್ದರು. ತಟ್ಟಿಯ ಹಿಂದೆ ಕೂತರೆ ರಾಜನ ಅರ್ಧ ಮೈ, ರಾಣಿಯ ಬೆನ್ನು, ಐದನೆಯ ಕಿಟಕಿ ಕಾಣುತ್ತಿದ್ದವು.

"ಆಕಿ ಎಲ್ಲಿ ಬೇ?" ಎಂದಳು ಶಹಾಪುರದವಳು.

"ಬರತಾಳ. ಹಿಂದ ಸಿಂಪಿಗರ ಮನ್ಯಾಕಿ ಸಂಗಾಟ ಕುಂತಾಳ."

"ಇಲ್ಲಿ ಜಾಗಾ ಹಿಡಿಲಿಕ್ಕ ನಾ ತೊಡಿ ಮುರದು ಕುಂತೀನಿ, ಆಕಿ ಅಲ್ಲಿ ಆರಾಮ ಕುಂತಾಳ."

ಯಾದಗಿರಿಯಿಂದ ಒಬ್ಬ ಸಾಹುಕಾರರು ಬರಬೇಕಿತ್ತು. ಅಲ್ಲಿ ಅವರದು ಹತ್ತಿ ಒತ್ತುವ ಪ್ರೆಸ್ಸು. ಮಂಡಳಿಗೆ ಗ್ಯಾಸ್ ಬತ್ತಿಗಳನ್ನು ಕೊಡಿಸಿದ್ದವರು ಅವರೇ. ಮುಂದೆ ಮಧ್ಯದಲ್ಲಿ ಅವರ ಕುರ್ಚಿ ಖಾಲಿ ಇತ್ತು, ಕೂಡಲು ಯಾರಿಗೂ ಧೈರ್ಯವಿಲ್ಲ. ಪರವಾನಗಿ ಸಂಜೆಯ ಮಟ್ಟಿಗೆ ಮಾತ್ರ. ಕಾದು ಕಾದು, ಕಡೆಗೆ ದೀಪ ಹಚ್ಚುವ ಹೊತ್ತಿಗೆ ಶುರುಮಾಡಿದರು. ನಾಂದಿ ಆಯಿತು. ರಾಜ ಕಾಡಿಗೆ ಹೋದ. ರಾಣಿ ಬಂದು ಕಿಟಕಿಯ ಹತ್ತಿರ ನಿಂತಳು, ಮೊದಲ ಹಾಡು ಎದ್ದಿತು.

ಹಾಡಿನ ಬಗ್ಗೆ ಬರೆಯುವಷ್ಟು ಸಂಗೀತ ನನಗೆ ಬಾರದು. ತಟ್ಟಿಯ ಹಿಂದೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಮುದುಕಿಯೊಬ್ಬಳ ಕೈ ಬಾಯಿಯ ಹತ್ತಿರವೇ ನಿಂತಿತು. ಅಷ್ಟು ನೋಡಿದೆ.

"ಏನ ಬೇ ಈ ಸಿಂಪಿಗ್ಯಾ ಹಿಂಗ ಹಾಡಾಕತ್ತಾನ? ಹ್ವಾದ ವರ್ಷ ಕೆಮ್ಮಿದ್ದ ನೋಡು," ಎಂದಳು ಶಹಾಪುರದವಳು. "ತುಪ್ಪದಾಗ ಈಜು ಬಿದ್ದಾನೇನ?"

"ಸುಮ್ಮಕ ಕೇಳು."

"ಕೇಳಾಕತ್ತೀನಲ್ಲ. ಬೀಡಿ ಬಿಟ್ಟಾನ ಅನಸತದ. ನಮ್ಮನಿಯವರಿಗೂ ಹೇಳಬೇಕು, ಬೀಡಿ ಬಿಟ್ಟರ ಗಂಡಸರ ದನಿ ಹಿಂಗ ಆಗತದ ಅಂತ."

ಹಾಡು ಮುಗಿಯುವಾಗ ಬಯಲಿನ ಬಾಗಿಲಲ್ಲಿ ಮೋಟಾರು ನಿಂತ ಸದ್ದಾಯಿತು. ಸಾಹುಕಾರರು ಬಂದರು. ಯಜಮಾನರು ಬಣ್ಣ ಹಚ್ಚಿದ ಮಂತ್ರಿಯ ವೇಷದಲ್ಲಿಯೇ ಇಳಿದು ಹೋಗಿ ಅವರನ್ನು ಕುರ್ಚಿಗೆ ಕರೆತಂದರು. ರಂಗದ ಮುಂದಿನ ಪರದೆ ಬಿತ್ತು. ಆಮೇಲೆ ಪರದೆ ಎದ್ದಾಗ ನಾಂದಿ ಮತ್ತೆ ಶುರುವಾಯಿತು.

ಇದು ಮಂಡಳಿಯ ಪದ್ಧತಿ. ದೊಡ್ಡ ಮೆಹಮಾನರು ತಡವಾಗಿ ಬಂದರೆ ನಾಟಕ ಮೊದಲಿನಿಂದ. ಅಷ್ಟು ಹೊತ್ತು ನೆಲದ ಮೇಲೆ ಕೂತು ನೋಡಿದ ಜನ, ಕೆಂಭಾವಿಯಿಂದ ಗಾಡಿ ಕಟ್ಟಿಕೊಂಡು ಬಂದವರು, ಹಾಲು ಕುಡಿಯುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡವರು, ಇವರ ಮುಂದೆ ನಡೆದದ್ದೆಲ್ಲ ನಡೆದೇ ಇಲ್ಲ ಎಂದ ಹಾಗೆ. ಯಾರೂ ಗೊಣಗಲಿಲ್ಲ. ಹೊರಟುಹೋಗಿದ್ದ ರಾಜ ಮತ್ತೆ ಬಂದು ಮತ್ತೆ ಕಾಡಿಗೆ ಹೋದ. ಪರದೆಯ ಹಿಂದೆ ನಿಂತವಳು ಒಂದೇ ಹಾಡನ್ನು ಆಗತಾನೇ ಜೀವ ತುಂಬಿ ಹಾಡಿದ್ದಳು, ಮತ್ತೊಮ್ಮೆ ಅಷ್ಟೇ ಜೀವ ತುಂಬಬೇಕು. ತುಂಬಿದಳು. "ವನ್ಸ್ ಮೋರ್" ಎಂದು ಗಂಡಸರ ಕಡೆಯಿಂದ ಕೂಗೆದ್ದಿತು, ಸಾಹುಕಾರರು ಬೆರಳೆತ್ತಿದರು, ಮೂರನೆಯ ಸಲ ಹಾಡಿದಳು. ಎರಡನೆಯ ಸಾಲಿನಲ್ಲಿ ಕೂತಿದ್ದ ಅವಳ ಅಣ್ಣ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ತಲೆದೂಗುತ್ತಿದ್ದುದನ್ನು ತಟ್ಟಿಯ ಸಂದಿನಿಂದ ನಾನು ಕಂಡೆ. ಅವನೂ "ವನ್ಸ್ ಮೋರ್" ಎಂದವರಲ್ಲಿ ಒಬ್ಬ.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ಸಾಹುಕಾರರ ಮನೆಯಲ್ಲಿ ಗ್ರಾಮಫೋನು ಇತ್ತಂತೆ. ಹೆಂಗಸಿನ ಕಂಠ ಯಾವುದು, ಗಂಡಸಿನದು ಯಾವುದು ಅವರಿಗೆ ತಿಳಿಯುತ್ತಿತ್ತು. ಎರಡನೆಯ ಅಂಕ ಮುಗಿಯುವ ಮುಂಚೆ ಆಳಿನ ಕೈಯಲ್ಲಿ ಒಂದು ಸೀರೆ ರಂಗಕ್ಕೆ ಕಳಿಸಿದರು. ಹಸಿರು, ಕೆಂಪಂಚಿನದು.

ನಾಟಕದ ನಡುವೆ ಉಡುಗೊರೆ ಬಂದರೆ ಆಟ ನಿಲ್ಲಿಸಿ ಅದನ್ನು ಎತ್ತಿ ಹಿಡಿದು ಕೂಗಬೇಕು. ಆಯೇರಿ ಎನ್ನುತ್ತಾರೆ. ಕೊಟ್ಟವರು ಯಾರು, ಯಾವ ಊರು, ಯಾರ ಮಗ; ಪಡೆದವರು ಯಾರು, ಯಾರ ಮಗ. ಹೀಗೆ ಎರಡೂ ಕಡೆಯ ಹೆಸರು ಜನರ ಕಿವಿಗೆ ಬೀಳದಿದ್ದರೆ ಆಯೇರಿ ಮುಟ್ಟಿದಂತಲ್ಲ, ಕೊಟ್ಟವರಿಗೆ ಅವಮಾನ. ಯಜಮಾನರು ಮುಂದೆ ಬಂದು ಸೀರೆ ಎತ್ತಿ ಹಿಡಿದರು. ಸಾಹುಕಾರರ ಹೆಸರನ್ನು, ಅವರ ತಂದೆಯ ಹೆಸರನ್ನು ಕೂಗಿದರು. ರಾಣಿಯ ವೇಷದ ಸಿಂಪಿಗ ಪಕ್ಕಕ್ಕೆ ಬಂದು ಎರಡೂ ಕೈ ಚಾಚಿದ. ಅವನ ಕೈಗೆ ಹಾಕಿದ್ದರೆ ಮುಗಿದುಹೋಗುತ್ತಿತ್ತು.

ಸಾಹುಕಾರರು ಕುರ್ಚಿಯಿಂದಲೇ ಹೇಳಿದರು: "ವೇಷಕ್ಕಲ್ಲ, ಕಂಠಕ್ಕ ಕೊಟ್ಟೀನಿ. ಹಾಡಿದವರು ಯಾರು?"

ಯಜಮಾನರು ಅರೆಗಳಿಗೆ ಸುಮ್ಮನಿದ್ದರು. ಆ ಅರೆಗಳಿಗೆಯಲ್ಲಿ ಅವರಿಗೆ ಪೇಟಿಯ ಮೇಲೆ ಇಟ್ಟ ಕೈ ನೆನಪಾಗಿರಬೇಕು ಎಂದುಕೊಂಡಿದ್ದೆ. ಅವರು ದನಿಗೆ ಕಸುವು ಕೂಡಿಸಿಕೊಳ್ಳುತ್ತಿದ್ದರಷ್ಟೇ. ಆಮೇಲೆ ಕೂಗಿದರು. ಅವಳ ಹೆಸರು, ತೀರಿಹೋದ ಅವಳ ತಂದೆಯ ಹೆಸರು, ಪೇಶಕಾರರ ತಂಗಿ, ಹೆಣ್ಣುಮಕ್ಕಳ ಶಾಲೆಯ ಬಾಯಾರು, ನಮ್ಮ ಸುರಪುರದ ಕೋಗಿಲೆ. ಒಂದನ್ನೂ ಬಿಡಲಿಲ್ಲ. ಕೂಗುವಾಗ ಅವರ ಮುಖ ಸಂತೋಷದಿಂದ ಅರಳಿತ್ತು. ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಹೆದರಿ ಹೇಳಿದ್ದರೆ ಹೆದರಿದರು ಎನ್ನಬಹುದಿತ್ತು. ಅವರು ಹೆಮ್ಮೆಯಿಂದ ಹೇಳಿದರು.

ಚಪ್ಪಾಳೆ ಬಿತ್ತು, ಆದರೆ ಚದುರಿ ಬಿತ್ತು. ಅವಳ ಅಣ್ಣ ಟೋಪಿ ಹಾಕಿಕೊಂಡ, ಎದ್ದ, ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದ. ತಿರುಗಿ ನೋಡಲಿಲ್ಲ.

ಶಹಾಪುರದವಳು ನನ್ನ ಮುಖ ನೋಡಿದಳು. "ನಿನಗ ಗೊತ್ತಿತ್ತೇನ ಬೇ?"

"ಗೊತ್ತಿತ್ತು."

"ಇಷ್ಟೊತ್ತು ನನ್ನ ಬಾಯಾಗ ಸಿಂಪಿಗ್ಯಾನ ಬೀಡಿ ಹಾಡಿಸಿದಿ. ಒಂದ ಮಾತ ಹೇಳಲಿಲ್ಲ."

"ಹೇಳೂದಿಲ್ಲ ಅಂತ ಮಾತ ಕೊಟ್ಟಿದ್ದೆ."

ಅವಳು ಮತ್ತೆ ತಮಾಷೆ ಮಾಡಲಿಲ್ಲ.

ಇನ್ನೂ ಒಂದು ಹಾಡು ಇತ್ತು. ರಾಜ ಮರಳಿ ಬರುವುದನ್ನು ರಾಣಿ ಕಿಟಕಿಯಿಂದ ಕಾಣುವ ಹಾಡು. ಪೇಟಿ ಮಾಸ್ತರ ಸ್ವರ ಹಿಡಿದು ಕಾದ. ಸಿಂಪಿಗ ಕಿಟಕಿಯ ಹತ್ತಿರ ಹೋಗಿ, ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಂತ. ತುಟಿ ಆಡಿಸುವ ಕೆಲಸ ಈಗ ಉಳಿದಿರಲಿಲ್ಲ. ಅವಳು ಇನ್ನು ಹಾಡುವುದಿಲ್ಲ ಎಂದುಕೊಂಡೆ. ಮಲಮಲ್ ಒಮ್ಮೆ ಉಬ್ಬಿತು, ಹಾಡು ಬಂತು. ದನಿ ನಡುಗಲಿಲ್ಲ. ಮೊದಲಿನ ಹಾಡಿಗಿಂತ ಚೆನ್ನಾಗಿತ್ತು ಎಂದು ನನ್ನ ನೆನಪು.

ಮುಗಿದಾಗ ಯಾರೂ "ವನ್ಸ್ ಮೋರ್" ಎನ್ನಲಿಲ್ಲ.

ಅದೇ ಕಂಠ, ಅದೇ ಜನ, ಅದೇ ಸಂಜೆ. ಸೀರೆಯುಟ್ಟ ಗಂಡಸಿನ ಬಾಯಿಂದ ಬಂದಿದೆ ಎಂದುಕೊಂಡಿದ್ದಾಗ ಮೂರು ಸಲ ಬೇಕಾಗಿದ್ದ ದನಿ, ಅದು ಇಂಥವರ ಮನೆಯ ಹೆಣ್ಣುಮಗಳದು ಎಂದು ತಿಳಿದ ಮೇಲೆ ಒಂದು ಸಲಕ್ಕೇ ಹೆಚ್ಚಾಯಿತು. ಗಂಡಸರ ಕಡೆ ಹಿಂದಿನಿಂದ ಯಾರೋ ಸಿಳ್ಳೆ ಹಾಕಿದ. ಅದಕ್ಕಿಂತ ನನಗೆ ಸಿಟ್ಟು ತಂದದ್ದು ತಟ್ಟಿಯ ಈಚೆಯ ಮಾತು. ಎಲೆಯಡಿಕೆಯ ಮುದುಕಿ ಕಡೆಗೂ ಎಲೆಯನ್ನು ಬಾಯಿಗಿಟ್ಟು, "ಮನಿತನಸ್ತ ಹೆಣ್ಣು ಸೀರಿ ಇಸ್ಕೊಂಡು ಹಾಡತಾಳಂದ್ರ ಏನ ಕಾಲ ಬಂತವ್ವಾ" ಎಂದಳು. ಸುತ್ತಲಿನವರು ಸೆರಗು ಸರಿಮಾಡಿಕೊಂಡು ಹೌದೌದೆಂದರು.

"ಆಕಿ ಇನ್ನೂ ಸೀರಿ ಮುಟ್ಟಿಲ್ಲ, ಆಯಿ," ಎಂದೆ.

"ಕೂಗ್ಯಾರಲ್ಲ. ಕೂಗಿದ ಮ್ಯಾಲ ಮುಟ್ಟಿದ್ದ ಲೆಕ್ಕ."

ನಾಟಕ ಮುಗಿದ ಕೂಡಲೇ ನಾವಿಬ್ಬರೂ ಪರದೆಯ ಹಿಂದೆ ಹೋದೆವು. ಅವಳು ಹತ್ತಿಯ ಅಂಡಿಗೆಯೊಂದರ ಮೇಲೆ ಕೂತಿದ್ದಳು. ಸೀರೆಯನ್ನು ಯಾರೋ ಪಕ್ಕದಲ್ಲಿ ಇಟ್ಟಿದ್ದರು. ಸಿಂಪಿಗ ತಲೆಯ ಉದ್ದಗೂದಲಿನ ಟೋಪನ್ನು ತೆಗೆದು ಕೈಯಲ್ಲಿ ಹಿಡಿದು ದೂರ ನಿಂತಿದ್ದ; ಬಣ್ಣ ಕೆನ್ನೆಯ ಮೇಲೆ ಇಳಿದಿತ್ತು. ಯಜಮಾನರು ಮಾತ್ರ ನಗುತ್ತಲೇ ಬಂದರು.

"ಸಾಹುಕಾರರು ಬಾಳ ಖುಷ್ ಆಗ್ಯಾರ, ಬಾಯಾರ. ಬರೋ ವರ್ಷ ಯಾದಗಿರಿಯಾಗ ಮಾಡೂಣು ಅಂದಾರ."

ನಾನೇ ಕೇಳಿದೆ: "ಪೇಟಿ ಮುಟ್ಟಿ ಆಣಿ ಮಾಡಿದ್ರಿ. ಯಾಕ ಹೇಳಿದ್ರಿ?"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅಲ್ಲ ತಂಗಿ, ನಾ ಏನ ಕೆಟ್ಟ ಹೇಳೀನಿ? ಮರ್ಯಾದಿ ಮಾಡೀನಿ. ಆಯೇರಿ ಬಂದ್ರ ಹೆಸರು ಹೇಳಲಾರದ ಹೆಂಗ ಎತ್ತಬೇಕು? ಕೊಟ್ಟವರ ಮಾನ ಏನಾಗಬೇಕು?"

"ಇವರ ಮಾನ?"

"ಅದಕ್ಕ ತಂದಿ ಹೆಸರ ಕೂಡಿಸಿ ಹೇಳೀನಲ್ಲ," ಎಂದರು. ಅದನ್ನೂ ತಾವು ಮಾಡಿದ ಉಪಕಾರದ ಲೆಕ್ಕಕ್ಕೆ ಹಾಕಿಕೊಂಡಿದ್ದರು.

ಅವಳನ್ನು ಮನೆಗೆ ಮುಟ್ಟಿಸಿದೆವು. ಅಣ್ಣ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಬೈಯಲಿಲ್ಲ. ಅವನ ದನಿ ಕಚೇರಿಯಲ್ಲಿ ಮಿಸಲು ಓದುವವನ ದನಿಯ ಹಾಗೆ ಸಮನಾಗಿತ್ತು.

"ಹಾಡಿದ್ದಕ್ಕ ನನಗ ಸಿಟ್ಟಿಲ್ಲ. ಚಲೋ ಹಾಡಿದಿ, ನಾನೂ ಕೇಳೀನಿ. ಆದರ ನಾಳೆ ನಾ ಕಚೇರಿಗಿ ಹ್ವಾದರ ಏನಂತಾರ? ಕುಣಿಯೋರಂಗ ಆಯೇರಿ ಇಸ್ಕೊಳೋ ಮನಿತನ ಅಂತಾರ. ನಾಳಿಂದ ಶಾಲಿಗಿ ಹೋಗೂದು ಬ್ಯಾಡ."

"ಆಕಿ ಇಸ್ಕೊಂಡಿಲ್ರಿ," ಎಂದಳು ಶಹಾಪುರದವಳು.

"ಊರ ಮುಂದ ಕೂಗ್ಯಾರ್ರಿ, ಅವ್ವಾರ. ಕೂಗಿದ್ದನ್ನ ಯಾರು ವಾಪಸ ಮಾಡತಾರ?"

ಅವಳು ಒಳಗೆ ಹೋಗುವ ಮುಂಚೆ ಸೀರೆಯನ್ನು ನನ್ನ ಕೈಗಿಟ್ಟಳು. "ಇದನ್ನ ಈ ಮನಿಯೊಳಗ ಒಯ್ಯೂದಿಲ್ಲ. ನೀ ಎಲ್ಲೆರ ಒಗಿ," ಎಂದಳು. ಆ ಸಂಜೆ ಅವಳು ಹಾಡಿದ್ದನ್ನು ಬಿಟ್ಟರೆ ಆಡಿದ್ದು ಅಷ್ಟೇ.

ನಮ್ಮ ಮನೆಗೆ ಬಂದ ಮೇಲೆ ಶಹಾಪುರದವಳು ಬಹಳ ಹೊತ್ತು ಯಜಮಾನರನ್ನು ಬೈದಳು. ಸಿಳ್ಳೆ ಹಾಕಿದವನನ್ನೂ ಮುದುಕಿಯನ್ನೂ ಬೈದಳು. ಸಾಹುಕಾರರ ಗ್ರಾಮಫೋನನ್ನೂ ಬಿಡಲಿಲ್ಲ. ನನಗೆ ಬೈಯಲು ಬರುವುದಿಲ್ಲ. ಕೂಗಿದ್ದನ್ನು ಯಾರು ವಾಪಸ ಮಾಡುತ್ತಾರೆ ಎಂದು ಅಣ್ಣ ಕೇಳಿದ ಪ್ರಶ್ನೆಯನ್ನೇ ನಾನು ಮನಸ್ಸಿನಲ್ಲಿ ಮತ್ತೆ ಮತ್ತೆ ತಿರುವಿ ನೋಡುತ್ತಿದ್ದೆ. ಅವನು ಅದನ್ನು ಉತ್ತರವಿಲ್ಲದ ಪ್ರಶ್ನೆ ಎಂದು ಕೇಳಿದ್ದ. ಆದರೆ ನನಗೆ ಅದು ಹಾಗೆ ಕಾಣಲಿಲ್ಲ. ಕೂಗಿದರೆ ಮಾತ್ರ ಮುಟ್ಟುತ್ತದೆ ಎಂಬುದು ಇವರ ಕಾಯಿದೆಯಾದರೆ, ಮರಳಿಸುವುದಕ್ಕೂ ಅದೇ ಕಾಯಿದೆ.

ಮರುದಿನ ಬೆಳಿಗ್ಗೆ ಪೇಟೆಯ ಅಂಗಡಿಗಳು ತೆರೆಯುವ ಹೊತ್ತಿಗೆ ಸೀರೆ ತೆಗೆದುಕೊಂಡು ಹೋದೆ. ಜವಳಿ ಅಂಗಡಿಯ ಮುಂದೆ ಆಗಲೇ ಜನರಿದ್ದರು. ಯಜಮಾನರು ಗಾದಿಯ ಮೇಲೆ ಕೂತು ಯಾರಿಗೋ ಧೋತರ ಬಿಚ್ಚಿ ತೋರಿಸುತ್ತಿದ್ದರು. ನನ್ನನ್ನು ನೋಡಿ, "ಬಾ ತಂಗಿ, ಮ್ಯಾಲ ಬಾ," ಎಂದರು. ನಾನು ಹತ್ತಲಿಲ್ಲ. ಮೆಟ್ಟಿಲ ಮೇಲೆ ನಿಂತು, ಪೇಟೆಯ ಕಡೆ ಮುಖ ಮಾಡಿ, ಅವರು ಎತ್ತಿದ ಹಾಗೆಯೇ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ನನ್ನದು ಸಣ್ಣ ದನಿ. ಮೊದಲ ಸಲ ಕೂಗಿದ್ದು ಪಕ್ಕದ ಅಂಗಡಿಗೂ ಮುಟ್ಟಲಿಲ್ಲ. ಇನ್ನೊಮ್ಮೆ ಕೂಗಿದೆ.

"ಕೇಳ್ರಿ. ನಿನ್ನೆ ನಾಟಕದಾಗ ಯಾದಗಿರಿ ಸಾಹುಕಾರರು ಕೊಟ್ಟ ಈ ಸೀರಿ ಯಾರೂ ಇಸ್ಕೊಂಡಿಲ್ಲ. ಹೆಸರು ಹೇಳೂದಿಲ್ಲ ಅಂತ ಪೇಟಿ ಮುಟ್ಟಿ ಆಣಿ ಮಾಡಿ, ಈ ಅಂಗಡಿ ಯಜಮಾನರು ಮಾತ ತಪ್ಪ್ಯಾರ. ಮಾತ ತಪ್ಪಿ ಕೊಟ್ಟದ್ದು ಆಯೇರಿ ಅಲ್ಲ. ವಾಪಸ ಮಾಡಾಕತ್ತೀನಿ."

ಮರಳಿಸುವವರು ಯಾರೆಂದು ಹೇಳದೆ ಅದು ಪೂರ್ತಿಯಾಗುವುದಿಲ್ಲ. ನನ್ನ ಹೆಸರು ಕೂಗಿದೆ, ನನ್ನ ತಂದೆಯ ಹೆಸರು ಕೂಗಿದೆ. ಯಜಮಾನರ ಹೆಸರನ್ನೂ ಅವರ ತಂದೆಯ ಹೆಸರನ್ನೂ ಕೂಗಿದೆ. ಸೀರೆಯನ್ನು ಮೆಟ್ಟಿಲ ಮೇಲೆ ಇಟ್ಟೆ. "ಹುಚ್ಚು ಹಿಡದದೇನ ಈ ಹುಡುಗಿಗಿ?" ಎಂದರು ಅವರು, ನನ್ನನ್ನಲ್ಲ, ಗಿರಾಕಿಯನ್ನು ಕೇಳುತ್ತ. ಗಿರಾಕಿ ಧೋತರ ಬಿಟ್ಟು ಸೀರೆಯನ್ನು ನೋಡುತ್ತಿದ್ದ.

ಅಲ್ಲಿಂದ ಗೆಳತಿಯ ಮನೆಗೆ ಹೋದೆ. ನಮ್ಮ ಪೇಟೆ ಅಷ್ಟೇನು ಉದ್ದವಿಲ್ಲ. ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ಅವಳ ಅಣ್ಣ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದ.

"ನೀವು ಕೂಗಿದ್ದು ನಿಮ್ಮ ತಂದಿಯವರಿಗೆ ಗೊತ್ತದ ಏನ್ರಿ?"

"ಇಷ್ಟೊತ್ತಿಗೆ ಗೊತ್ತಾಗಿರತದ."

ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಎಲ್ಲಾರೂ ಕೇಳ್ಯಾರೇನು?"

"ಎರಡ ಸಲ ಕೂಗೀನಿ."

ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಎದ್ದು ಕುರ್ಚಿಯನ್ನು ಗೋಡೆಗೆ ಸರಿಸಿದ. ನಾನು ಉಪಕಾರವಾಯಿತು ಎನ್ನಲಿಲ್ಲ; ಅದು ಉಪಕಾರವಾಗಿರಲಿಲ್ಲ. ಅವಳು ಒಳಗೆ ಆಗಲೇ ಶಾಲೆಯ ಸೀರೆ ಉಟ್ಟು ನಿಂತಿದ್ದಳು. ಹಿತ್ತಲ ಸಂದಿಯ ದಾರಿ ಶಾಲೆಗೆ ಹತ್ತಿರ. ನಾವು ಪೇಟೆಯ ದಾರಿ ಹಿಡಿದೆವು. ಜವಳಿ ಅಂಗಡಿಯ ಮೆಟ್ಟಿಲ ಮೇಲೆ ಆ ಹಸಿರು ಸೀರೆ ಇನ್ನೂ ಹಾಗೆಯೇ ಬಿದ್ದಿತ್ತು. ಒಳಗೆ ಹೋಗುವವರು, ಹೊರಗೆ ಬರುವವರು ಅದನ್ನು ತುಳಿಯದ ಹಾಗೆ ದಾಟುತ್ತಿದ್ದರು. ಅವಳು ಅದರ ಕಡೆ ನೋಡಲಿಲ್ಲ. ಅವಳನ್ನು ಶಾಲೆಯ ಬಾಗಿಲವರೆಗೆ ಬಿಟ್ಟು, ಒಳಗೆ ಪ್ರಾರ್ಥನೆ ಶುರುವಾಗುವವರೆಗೆ ಗೋಡೆಯ ಹೊರಗೆ ನಿಂತು, ನಾನು ಮನೆಗೆ ಬಂದೆ.